ಸೂರ್ಯ ಮುದುಕನಾದಾಗ ಭೂಮಿಯ ಗತಿ ಏನು?

ಸೂರ್ಯನಿಗೂ ಮುಪ್ಪು ಉಂಟೇ? ಉಂಟಾದರೆ, ಅವನನ್ನು ಸುತ್ತುವ ಈ ಭೂಮಿಗೆ ಆಗ ಒದಗುವ ಗತಿ ಏನು? ದಿನವೂ ತಪ್ಪದೆ ಮೂಡಿ ಮುಳುಗುವ ಸೂರ್ಯನನ್ನು ನೋಡಿ ಬೆಳೆದ ಮನುಷ್ಯನಿಗೆ ಇದು ಬಹುಕಾಲ ವಿಜ್ಞಾನದ ಪ್ರಶ್ನೆಯಾಗಿರಲಿಲ್ಲ. ಅದು ಪುರಾಣಕ್ಕೆ ಸೇರಿದ ವಿಷಯವಾಗಿತ್ತು. ಪ್ರಳಯಕಾಲದಲ್ಲಿ ಏಳು ಸೂರ್ಯರು ಮೂಡಿ ಲೋಕಗಳನ್ನು ಸುಡುತ್ತಾರೆಂದು ನಮ್ಮ ಪುರಾಣಗಳು ಹೇಳಿದವು. ಬ್ರಹ್ಮನ ಒಂದು ಹಗಲಿಗೆ 432 ಕೋಟಿ ವರ್ಷ ಎಂದು ಎಣಿಸಿದವು. ಕಲ್ಪನೆಯ ಈ ಹರಹು ಬೆರಗು ಹುಟ್ಟಿಸುವಂಥದು ನಿಜ. ಆದರೆ ಕಲ್ಪನೆ ಬೇರೆ, ಅಳತೆ ಬೇರೆ. ಅಳತೆಯ ಕತೆ ಆರಂಭವಾಗಿ ಇನ್ನೂ ಎರಡು ಶತಮಾನವೂ ಆಗಿಲ್ಲ. ಅಷ್ಟರಲ್ಲಿಯೇ ಉತ್ತರ ಹಲವು ಬಾರಿ ತಲೆಕೆಳಗಾಗಿದೆ.

ತಂದೆಯ ಚಿಂತೆ, ಮಗನ ಲೆಕ್ಕ

1859ರಲ್ಲಿ ಚಾರ್ಲ್ಸ್ ಡಾರ್ವಿನ್ ಜೀವಿಗಳ ಉಗಮವನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದ. ಜೀವವಿಕಾಸಕ್ಕೆ ಅಪಾರ ಕಾಲ ಬೇಕು. ಇಂಗ್ಲೆಂಡಿನ ವೀಲ್ಡ್ ಎಂಬ ಪ್ರದೇಶದ ಬೆಟ್ಟಸಾಲು ಸವೆದು ಈಗಿನ ರೂಪ ತಾಳಲು ಸುಮಾರು 30 ಕೋಟಿ ವರ್ಷ ಹಿಡಿದಿರಬೇಕೆಂದು ಅವನು ಆ ಗ್ರಂಥದಲ್ಲಿ ಅಂದಾಜು ಮಾಡಿದ್ದ. ಮೂರೇ ವರ್ಷದಲ್ಲಿ, 1862ರಲ್ಲಿ, ಭೌತವಿಜ್ಞಾನಿ ವಿಲಿಯಂ ಥಾಮ್ಸನ್ ಇದನ್ನು ಎದುರಿಸಿದ. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವನು ಇವನೇ. ಸೂರ್ಯ ಕಲ್ಲಿದ್ದಲಿನ ಗುಡ್ಡೆಯಾಗಿದ್ದರೆ ಕೆಲವು ಸಾವಿರ ವರ್ಷಗಳಲ್ಲಿ ಬೂದಿಯಾಗಬೇಕಿತ್ತು. ಬದಲಿಗೆ ತನ್ನ ಭಾರಕ್ಕೆ ತಾನೇ ಕುಗ್ಗುತ್ತಾ ಶಾಖವನ್ನು ಹೊಮ್ಮಿಸುತ್ತಿದ್ದಾನೆ ಎಂದರೆ ಆಯುಷ್ಯ ಹೆಚ್ಚುತ್ತದೆ. ಈ ಕುಗ್ಗುವಿಕೆಯ ವಿಚಾರವನ್ನು 1854ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಮಂಡಿಸಿದ್ದ. ಥಾಮ್ಸನ್ ಅದನ್ನು ಹಿಡಿದು ಲೆಕ್ಕ ಹಾಕಿ, ಸೂರ್ಯ ಭೂಮಿಯನ್ನು ಬೆಳಗುತ್ತಾ ಬಂದ ಕಾಲ ಬಹುಮಟ್ಟಿಗೆ 10 ಕೋಟಿ ವರ್ಷವನ್ನು ಮೀರಿರಲಾರದು ಎಂದ. ಮುಂದೆಯೂ ಅವನ ಬೆಳಕು ಬಹುಕಾಲ ನಿಲ್ಲದು; ಅವನು ತಣ್ಣಗಾಗುತ್ತಾನೆ, ಭೂಮಿ ಹೆಪ್ಪುಗಟ್ಟುತ್ತದೆ.

ಡಾರ್ವಿನ್ ತನ್ನ 30 ಕೋಟಿಯ ಅಂಕಿಯನ್ನು ಮುಂದಿನ ಆವೃತ್ತಿಗಳಿಂದ ಕೈಬಿಟ್ಟ. ಲೆಕ್ಕಕ್ಕಿಂತ ಹೆಚ್ಚಾಗಿ ಅವನನ್ನು ಕಾಡಿದ್ದು ಅದರ ಅರ್ಥ. ಇಷ್ಟು ದೀರ್ಘಕಾಲ ನಿಧಾನವಾಗಿ ಬೆಳೆದುಬಂದ ಜೀವಿಗಳೆಲ್ಲ ಕೊನೆಗೆ ಚಳಿಯಲ್ಲಿ ನಾಶವಾಗಬೇಕೆಂಬ ಯೋಚನೆ ಸಹಿಸಲಾಗದ್ದು ಎಂಬ ಭಾವವನ್ನು ಅವನು ತನ್ನ ಆತ್ಮಕಥೆಯಲ್ಲಿ ತೋಡಿಕೊಂಡಿದ್ದಾನೆ.

ವಿಚಿತ್ರವೆಂದರೆ, ಭೂಮಿಯ ಅಂತ್ಯವನ್ನು ನಿರ್ಧರಿಸುವ ಇನ್ನೊಂದು ಸೂತ್ರ ಅದೇ ಮನೆಯಲ್ಲಿ ರೂಪುಗೊಳ್ಳುತ್ತಿತ್ತು. ಡಾರ್ವಿನ್ನನ ಮಗ ಜಾರ್ಜ್ ಡಾರ್ವಿನ್ ಕೇಂಬ್ರಿಜ್‌ನಲ್ಲಿ ಗಣಿತ ಮತ್ತು ಖಗೋಳವಿಜ್ಞಾನವನ್ನು ಅಭ್ಯಾಸ ಮಾಡಿದವನು. ಸಮುದ್ರದ ಉಬ್ಬರವಿಳಿತದಿಂದಾಗುವ ಘರ್ಷಣೆ ಭೂಮಿ ಮತ್ತು ಚಂದ್ರರ ಚಲನೆಯನ್ನು ಹೇಗೆ ಬದಲಿಸುತ್ತದೆ ಎಂಬುದನ್ನು ಅವನು 1879ರ ಹೊತ್ತಿಗೆ ಗಣಿತದಲ್ಲಿ ಬಿಡಿಸಿಟ್ಟ. ಅದರ ಸಾರ ಸರಳವಾದದ್ದು. ಚಂದ್ರನ ಸೆಳೆತಕ್ಕೆ ಭೂಮಿ ಸ್ವಲ್ಪ ಉಬ್ಬುತ್ತದೆ. ಭೂಮಿ ಚಂದ್ರನ ಪರಿಭ್ರಮಣೆಗಿಂತ ಬೇಗ ತನ್ನ ಸುತ್ತ ತಿರುಗುವುದರಿಂದ ಆ ಉಬ್ಬು ಚಂದ್ರನಿಗಿಂತ ಮುಂದೆ ಸರಿದಿರುತ್ತದೆ. ಅದು ಚಂದ್ರನನ್ನು ಮುಂದಕ್ಕೆ ಎಳೆಯುತ್ತದೆ, ಚಂದ್ರ ದೂರ ಸರಿಯುತ್ತಾನೆ. ಇಂದಿನ ಅಳತೆಯಂತೆ ವರ್ಷಕ್ಕೆ ಸುಮಾರು 3.8 ಸೆಂಟಿಮೀಟರಿನಷ್ಟು. ನಡುವಣ ಕಾಯ ನಿಧಾನವಾಗಿ ತಿರುಗುತ್ತಿದ್ದು ಸುತ್ತುವ ಕಾಯ ವೇಗವಾಗಿದ್ದರೆ ಎಲ್ಲವೂ ತಿರುವುಮುರುವು. ಉಬ್ಬು ಹಿಂದೆ ಬೀಳುತ್ತದೆ, ಸುತ್ತುವ ಕಾಯವನ್ನು ಹಿಂದಕ್ಕೆ ಜಗ್ಗುತ್ತದೆ, ಅದು ಒಳಕ್ಕೆ ಇಳಿಯುತ್ತದೆ. ಮಂಗಳನ ಉಪಗ್ರಹ ಫೋಬೋಸ್ ಹೀಗೆಯೇ ಇಳಿಯುತ್ತಿದೆ.

ಈ ಮಾತು ಕಾದಂಬರಿಗೂ ಹೋಯಿತು. ಎಚ್.ಜಿ. ವೆಲ್ಸ್ 1895ರಲ್ಲಿ ಪ್ರಕಟಿಸಿದ 'ಟೈಮ್ ಮೆಷಿನ್' ಕಾದಂಬರಿಯ ಕಾಲಯಾತ್ರಿಕ ದೂರದ ಭವಿಷ್ಯದಲ್ಲಿ ಸೆಕೆ ಹೆಚ್ಚಿರುವುದನ್ನು ಕಂಡು, ಗ್ರಹಗಳು ಒಂದೊಂದಾಗಿ ಸೂರ್ಯನೊಳಕ್ಕೆ ಬೀಳಬೇಕೆಂಬ ಕಿರಿಯ ಡಾರ್ವಿನ್ನನ ವಿಚಾರವನ್ನು ನೆನೆಯುತ್ತಾನೆ. ಕೊನೆಯಲ್ಲಿ ಅವನು ಕಾಣುವುದು ದಿಗಂತದಲ್ಲಿ ನಿಂತ ದೊಡ್ಡದಾದ, ಮಂಕಾದ ಕೆಂಪು ಸೂರ್ಯನನ್ನು. ಅದು ಆರಿಹೋಗುತ್ತಿರುವ ಕೆಂಡ. ಅಂದಿನ ವಿಜ್ಞಾನಕ್ಕೆ ತಿಳಿದಿದ್ದುದು ಅಷ್ಟೇ.

ದೈತ್ಯರು ಎಳೆಯರೋ ಮುದುಕರೋ?

ಕೆಂಪಾಗಿಯೂ ಅತಿ ಪ್ರಕಾಶವಾಗಿಯೂ ಇರುವ ನಕ್ಷತ್ರಗಳು ಗಾತ್ರದಲ್ಲಿ ದೈತ್ಯವಾಗಿರಲೇಬೇಕು ಎಂಬುದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಖಚಿತವಾಯಿತು. ಡೆನ್ಮಾರ್ಕಿನ ಹರ್ಟ್ಸ್‌ಪ್ರುಂಗ್ 1905ರಲ್ಲಿ, ಅಮೆರಿಕದ ರಸೆಲ್ ಅವನ ಹಿಂದೆಯೇ, ಒಂದೇ ಬಣ್ಣದ ನಕ್ಷತ್ರಗಳಲ್ಲಿ ಎರಡು ಜಾತಿ ಇರುವುದನ್ನು ತೋರಿಸಿದರು. ಒಂದು ಕುಬ್ಜ, ಇನ್ನೊಂದು ದೈತ್ಯ. 1920ರಲ್ಲಿ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ಮೈಕಲ್‌ಸನ್ ಮತ್ತು ಪೀಸ್ ಒಂದು ನಕ್ಷತ್ರದ ವ್ಯಾಸವನ್ನು ಮೊದಲ ಬಾರಿಗೆ ಅಳೆದರು. ಅದು ಪಾಶ್ಚಾತ್ಯರು ಬೆಟೆಲ್‌ಜ್ಯೂಸ್ ಎನ್ನುವ, ನಮ್ಮವರು ಆರ್ದ್ರಾ ಎನ್ನುವ ನಕ್ಷತ್ರ. ಈ ಮಹಾದೈತ್ಯವನ್ನು ಸೂರ್ಯನ ಜಾಗದಲ್ಲಿಟ್ಟರೆ ಭೂಮಿಯ ಕಕ್ಷೆಯೂ ಅದರ ಹೊಟ್ಟೆಯೊಳಗಾಗುತ್ತದೆ.

ಆದರೆ ಈ ದೈತ್ಯರು ಎಳೆಯರೋ ಮುದುಕರೋ? ರಸೆಲ್ಲನ ಮತದಲ್ಲಿ ಅವು ಎಳೆಯ ನಕ್ಷತ್ರಗಳು. ಉಬ್ಬಿದ ಅನಿಲದ ಮುದ್ದೆಯಾಗಿ ಹುಟ್ಟಿ, ಕ್ರಮೇಣ ಕುಗ್ಗಿ ಸೂರ್ಯನಂತಾಗುತ್ತವೆ ಎಂದು ಅವನು ತಿಳಿದಿದ್ದ. ಕೆಲ್ವಿನ್ನನ ಕುಗ್ಗುವಿಕೆ ಇನ್ನೂ ತಲೆಯಲ್ಲಿದ್ದ ಕಾಲಕ್ಕೆ ಅದು ಸಹಜ. ಇದನ್ನು ತಲೆಕೆಳಗು ಮಾಡಿದ್ದು ಸೂರ್ಯನ ಇಂಧನದ ಪತ್ತೆ. ಜಲಜನಕ ಹೀಲಿಯಮ್ ಆಗುವಾಗ ಹೊಮ್ಮುವ ಶಕ್ತಿಯೇ ನಕ್ಷತ್ರಗಳನ್ನು ಬೆಳಗಿಸುತ್ತಿರಬೇಕೆಂದು ಎಡಿಂಗ್ಟನ್ 1920ರಲ್ಲಿ ಸೂಚಿಸಿದ. ನಕ್ಷತ್ರಗಳಲ್ಲಿ ಅತಿ ಹೆಚ್ಚಾಗಿರುವುದು ಜಲಜನಕವೇ ಎಂಬುದನ್ನು ಸೆಸಿಲಿಯಾ ಪೇನ್ 1925ರಲ್ಲಿ ಮೇಘನಾದ ಸಾಹಾ ಅವರ ಸಮೀಕರಣವನ್ನು ಬಳಸಿ ಲೆಕ್ಕ ಹಾಕಿ ತೋರಿಸಿದಳು. 1939ರಲ್ಲಿ ಹಾನ್ಸ್ ಬೆಥೆ ಆ ಪ್ರಕ್ರಿಯೆಯ ಹಂತಗಳನ್ನು ವಿವರಿಸಿದ. ಸೂರ್ಯನ ಆಯುಷ್ಯ ಕೋಟಿಗಳಿಂದ ನೂರಾರು ಕೋಟಿಗಳಿಗೆ ಏರಿತು. ಭೂಮಿಯ ಮತ್ತು ಸೂರ್ಯನ ವಯಸ್ಸು ಸುಮಾರು 460 ಕೋಟಿ ವರ್ಷ ಎಂದು ಇಂದು ನಮಗೆ ಗೊತ್ತು. ಹಿರಿಯ ಡಾರ್ವಿನ್ ಕೇಳಿದ್ದಕ್ಕಿಂತ ಹೆಚ್ಚಿನ ಕಾಲವೇ ಸಿಕ್ಕಿತು.

ಹಾಗಾದರೆ ಒಲೆಯ ನಡುವಿನ ಜಲಜನಕ ತೀರಿದ ಮೇಲೆ ಏನಾಗುತ್ತದೆ? 1942ರಲ್ಲಿ ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್, ಬ್ರೆಜಿಲ್‌ನ ಮಾರಿಯೊ ಶೋನ್‌ಬರ್ಗ್ ಜೊತೆ ಸೇರಿ ಒಂದು ಮಿತಿಯನ್ನು ಕಂಡುಹಿಡಿದರು. ಉರಿಯದ ಹೀಲಿಯಮ್ಮಿನ ಗರ್ಭ ನಕ್ಷತ್ರದ ದ್ರವ್ಯರಾಶಿಯ ಹತ್ತನೆಯ ಒಂದು ಭಾಗದಷ್ಟಾದಾಗ ಅದು ಮೇಲಿನ ಪದರಗಳ ಭಾರವನ್ನು ತಾಳಲಾರದೆ ಕುಸಿಯತೊಡಗುತ್ತದೆ. ಸೂರ್ಯನಿಗಿಂತ ಸ್ವಲ್ಪ ಭಾರವಾದ ನಕ್ಷತ್ರಗಳಿಗೆ ಈ ಮಿತಿ ನೇರವಾಗಿ ಅನ್ವಯಿಸುತ್ತದೆ. 1955ರಲ್ಲಿ ಫ್ರೆಡ್ ಹಾಯ್ಲ್ ಮತ್ತು ಮಾರ್ಟಿನ್ ಶ್ವಾರ್ಟ್ಸ್‌ಚೈಲ್ಡ್ ಸೂರ್ಯನಂಥ ನಕ್ಷತ್ರ ಹೇಗೆ ಕೆಂಪುದೈತ್ಯವಾಗುತ್ತದೆ ಎಂಬುದನ್ನು ಲೆಕ್ಕದಲ್ಲಿ ತೋರಿಸಿದರು. ಗರ್ಭ ಕುಗ್ಗಿ ಬಿಸಿಯಾದಂತೆ ಅದರ ಸುತ್ತಣ ಜಲಜನಕದ ಪದರ ಹೊತ್ತಿಕೊಳ್ಳುತ್ತದೆ. ಹೊರಮೈ ಉಬ್ಬಿ, ತಣಿದು, ಕೆಂಪಾಗುತ್ತದೆ. ದೈತ್ಯರು ಎಳೆಯರಲ್ಲ, ಮುದುಕರು! ಭೂಮಿ ಹೆಪ್ಪುಗಟ್ಟಿ ಸಾಯುವುದಿಲ್ಲ. ಮೊದಲು ಬೆಂಕಿಯನ್ನು ಕಾಣುತ್ತದೆ.

ಎರಡು ಬಲಗಳ ಜಗ್ಗಾಟ

ಉಬ್ಬಿದ ಸೂರ್ಯ ಭೂಮಿಯನ್ನು ನುಂಗಿಯೇ ಬಿಡುತ್ತಾನೆಯೇ? ಇಲ್ಲಿ ಎರಡು ಬಲಗಳು ಎದುರುಬದುರು ನಿಲ್ಲುತ್ತವೆ. ದೈತ್ಯ ನಕ್ಷತ್ರ ತನ್ನ ಹೊರಮೈಯ ಅನಿಲವನ್ನು ಗಾಳಿಯಂತೆ ಬಾಹ್ಯಾಕಾಶಕ್ಕೆ ಚೆಲ್ಲುತ್ತಾ ಹಗುರವಾಗುತ್ತದೆ. ಹಗುರವಾದಂತೆ ಹಿಡಿತ ಸಡಿಲವಾಗಿ ಗ್ರಹಗಳು ದೂರ ಸರಿಯುತ್ತವೆ. ಇದು ಭೂಮಿಯನ್ನು ಕಾಯುವ ಬಲ. ಇನ್ನೊಂದು ಜಾರ್ಜ್ ಡಾರ್ವಿನ್ನನ ಉಬ್ಬರದ ಬಲ. ಉಬ್ಬಿದ ಸೂರ್ಯ ತನ್ನ ಅಕ್ಷದ ಸುತ್ತ ತಿರುಗುವುದು ತೀರ ನಿಧಾನ. ಭೂಮಿ ಅದಕ್ಕಿಂತ ಬೇಗ ಸುತ್ತುತ್ತದೆ. ಆದ್ದರಿಂದ ಸೂರ್ಯನ ಮೈಮೇಲೆ ಭೂಮಿ ಎಬ್ಬಿಸುವ ಉಬ್ಬು ಹಿಂದೆ ಬಿದ್ದು ಭೂಮಿಯನ್ನು ಒಳಕ್ಕೆ ಜಗ್ಗುತ್ತದೆ.

1993ರಲ್ಲಿ ಸ್ಯಾಕ್‌ಮನ್, ಬೂತ್‌ರಾಯ್ಡ್ ಮತ್ತು ಕ್ರೇಮರ್ ಮಾಡಿದ ಲೆಕ್ಕ ಮೊದಲ ಬಲಕ್ಕೆ ಮಹತ್ವ ಕೊಟ್ಟಿತು. ಬುಧ ಹೋಗುತ್ತದೆ, ಶುಕ್ರ ಮತ್ತು ಭೂಮಿ ಸರಿದು ತಪ್ಪಿಸಿಕೊಳ್ಳಬಹುದು ಎಂದಿತು. 2008ರಲ್ಲಿ ಷ್ರೋಡರ್ ಮತ್ತು ಕಾನನ್ ಸ್ಮಿತ್ ಎರಡನೆಯ ಬಲವನ್ನೂ ಸೇರಿಸಿ ಮತ್ತೆ ಲೆಕ್ಕ ಹಾಕಿದರು. ಅವರ ಪ್ರಕಾರ ಇನ್ನು 759 ಕೋಟಿ ವರ್ಷಗಳ ಬಳಿಕ ಸೂರ್ಯ ಈಗಿನ 256 ಪಟ್ಟು ಉಬ್ಬಿ, 2,700 ಪಟ್ಟಿಗೂ ಹೆಚ್ಚು ಪ್ರಕಾಶಮಾನನಾಗುತ್ತಾನೆ. ಆ ಹೊತ್ತಿಗೆ ತನ್ನ ದ್ರವ್ಯರಾಶಿಯ ಮೂರನೆಯ ಒಂದು ಭಾಗವನ್ನು ಕಳೆದುಕೊಂಡಿರುತ್ತಾನೆ. ಬರೀ ಹಗುರವಾಗುವುದನ್ನೇ ನೋಡಿದರೆ ಭೂಮಿ ಈಗಿನ ಒಂದೂವರೆ ಪಟ್ಟು ದೂರಕ್ಕೆ ಹೋಗಿ ಪಾರಾಗಬೇಕು; ಸೂರ್ಯನ ಮೈ ಅಷ್ಟು ದೂರ ಬರುವುದಿಲ್ಲ. ಆದರೆ ಉಬ್ಬರದ ಜಗ್ಗಾಟ ಅದನ್ನು ಬಿಡುವುದಿಲ್ಲ. ಸೂರ್ಯ ಉಬ್ಬಿನ ತುತ್ತತುದಿ ಮುಟ್ಟುವುದಕ್ಕೆ ಸುಮಾರು ಐದು ಲಕ್ಷ ವರ್ಷ ಮೊದಲೇ ಭೂಮಿ ಅವನ ಮೈಯೊಳಗೆ ಇಳಿಯುತ್ತದೆ. ಈಗಿರುವುದಕ್ಕಿಂತ ಶೇಕಡಾ 15ರಷ್ಟು ದೂರದಲ್ಲಿದ್ದಿದ್ದರೆ ಬದುಕುತ್ತಿತ್ತು. ಮಂಗಳ ಪಾರಾಗುತ್ತದೆ.

ದೈತ್ಯ ನಕ್ಷತ್ರಗಳು ಎಷ್ಟು ಅನಿಲವನ್ನು ಚೆಲ್ಲುತ್ತವೆ, ಅವುಗಳ ಮೈಯಲ್ಲಿ ಉಬ್ಬರದ ಘರ್ಷಣೆ ಎಷ್ಟು ಎಂಬ ಎರಡು ಅಂಕಿಗಳ ಮೇಲೆ ಇಡೀ ತೀರ್ಪು ನಿಂತಿದೆ. ಅಂಕಿ ಸ್ವಲ್ಪ ಬದಲಾದರೆ ತೀರ್ಪೂ ಬದಲಾದೀತು. ಅದನ್ನು ಪರೀಕ್ಷಿಸುವುದು ಹೇಗೆ? 759 ಕೋಟಿ ವರ್ಷ ಕಾಯುವವರು ಯಾರು? ಈಗಾಗಲೇ ಮುದುಕರಾದ ನಕ್ಷತ್ರಗಳ ಮನೆಗೆ ಹೋಗಿ ಅಲ್ಲಿ ಯಾವ ಮಕ್ಕಳು ಉಳಿದಿದ್ದಾರೆಂದು ನೋಡುವುದೊಂದೇ ದಾರಿ.

ರೋಹಿಣಿ, ಪುನರ್ವಸುಗಳ ಸಾಕ್ಷ್ಯ

ಈ ಹುಡುಕಾಟದಲ್ಲಿ ನಮ್ಮ ರೈತರಿಗೆ ಚಿರಪರಿಚಿತವಾದ ಹೆಸರುಗಳೇ ಎದುರಾಗುತ್ತವೆ. ರೋಹಿಣಿ ಮಳೆ, ಆರಿದ್ರಾ ಮಳೆ, ಪುನರ್ವಸು ಮಳೆ ಎಂದು ನಮ್ಮಲ್ಲಿ ಮಳೆಗಳನ್ನು ಕರೆಯುವುದು ಸೂರ್ಯ ಆಯಾ ನಕ್ಷತ್ರದಲ್ಲಿರುವ ಕಾಲದಿಂದ. ರೋಹಿಣಿ ಸೂರ್ಯನಿಗಿಂತ ಸುಮಾರು 44 ಪಟ್ಟು ದೊಡ್ಡದಾದ ಕೆಂಪುದೈತ್ಯ. ಅದರ ದ್ರವ್ಯರಾಶಿ ಸೂರ್ಯನಿಗಿಂತ ಬಹಳ ಹೆಚ್ಚೇನಲ್ಲ. ಅಂದರೆ ನಮ್ಮ ಸೂರ್ಯನ ಮುಂದಿನ ರೂಪವನ್ನು ನಾವು ಬರಿಗಣ್ಣಿನಿಂದಲೇ ನೋಡಬಹುದು. ಪುನರ್ವಸುವಿನ ಎರಡು ನಕ್ಷತ್ರಗಳಲ್ಲಿ ಒಂದಾದ ಪೋಲಕ್ಸ್ ಸುಮಾರು 34 ಜ್ಯೋತಿರ್ವರ್ಷ ದೂರದಲ್ಲಿದ್ದು, ನಮಗೆ ಅತಿ ಸಮೀಪದ ದೈತ್ಯ.

ಗ್ರಹ ಸುತ್ತುವಾಗ ನಕ್ಷತ್ರ ತುಸುವೇ ಅತ್ತಿತ್ತ ತೂಗುತ್ತದೆ. ಆ ತೂಗಾಟ ನಕ್ಷತ್ರದ ರೋಹಿತದ ಗೆರೆಗಳ ಸರಿದಾಟದಲ್ಲಿ ಕಾಣುತ್ತದೆ. ಆದರೆ ದೈತ್ಯ ನಕ್ಷತ್ರಗಳ ಮೈ ತಾನೇ ಉಬ್ಬಿ ತಗ್ಗುತ್ತಿರುವುದರಿಂದ ಯಾವುದು ಗ್ರಹ, ಯಾವುದು ನಕ್ಷತ್ರದ ಉಸಿರಾಟ ಎಂದು ಬಿಡಿಸುವುದು ಕಷ್ಟ. 1988ರಲ್ಲಿ ಕೆನಡಾದ ಕ್ಯಾಂಬೆಲ್, ವಾಕರ್ ಮತ್ತು ಯಾಂಗ್ ಗಾಮಾ ಸೆಫಿ ಎಂಬ ನಕ್ಷತ್ರಕ್ಕೆ ಗ್ರಹವಿರುವ ಸೂಚನೆ ಕಂಡರು. 1992ರಲ್ಲಿ ಅದು ನಕ್ಷತ್ರದ್ದೇ ಚಟುವಟಿಕೆ ಇರಬಹುದೆಂದು ಹಿಂದೆಗೆಯಲಾಯಿತು. 2003ರಲ್ಲಿ ಗ್ರಹ ಇರುವುದೇ ನಿಜವೆಂದು ದೃಢಪಟ್ಟಿತು. ಅದಕ್ಕೆ ಸ್ವಲ್ಪ ಮೊದಲು, 2002ರಲ್ಲಿ, ಐಯೋಟ ಡ್ರಾಕೋನಿಸ್ ಎಂಬ ದೈತ್ಯನ ಸುತ್ತ 511 ದಿನಕ್ಕೊಮ್ಮೆ ಸುತ್ತುವ ಗ್ರಹ ಸಿಕ್ಕಿತ್ತು. ದೈತ್ಯ ನಕ್ಷತ್ರದ ಬಳಿ ಪತ್ತೆಯಾದ ಮೊದಲ ಗ್ರಹ ಅದು. ಅದರ ಕಕ್ಷೆ ಬಹಳ ಉದ್ದನೆಯ ದೀರ್ಘವೃತ್ತವಾದ್ದರಿಂದ ತೂಗಾಟದ ಲಯವನ್ನು ನಕ್ಷತ್ರದ ಉಸಿರಾಟವೆಂದು ತಳ್ಳಿಹಾಕಲಾಗಲಿಲ್ಲ. 2006ರಲ್ಲಿ ಪೋಲಕ್ಸ್‌ಗೆ ಸುಮಾರು 590 ದಿನಗಳ ಕಕ್ಷೆಯ ಗ್ರಹವಿದೆಯೆಂದು ಪ್ರಕಟವಾಯಿತು. 2015ರಲ್ಲಿ ರೋಹಿಣಿಗೂ ಒಂದು ಗ್ರಹವನ್ನು ಹೇಳಿದರು. ಆದರೆ 2019ರ ಅಧ್ಯಯನ ಅದನ್ನು ಅನುಮಾನಕ್ಕೀಡುಮಾಡಿತು. ಪೋಲಕ್ಸ್‌ನ ಗ್ರಹದ ಬಗ್ಗೆಯೂ ಪ್ರಶ್ನೆ ಎದ್ದಿದೆ. 2021ರಲ್ಲಿ ಆ ನಕ್ಷತ್ರದ ಕಾಂತಕ್ಷೇತ್ರವನ್ನು ಅಳೆದವರು, ನಕ್ಷತ್ರದ ಆವರ್ತನೆಯೇ ಗ್ರಹದಂತೆ ತೋರುತ್ತಿರಬಹುದೆಂಬ ಸಾಧ್ಯತೆಯನ್ನು ಮುಂದಿಟ್ಟರು. ಮುದುಕರ ಸಾಕ್ಷ್ಯವನ್ನು ಪಾಟೀಸವಾಲಿಲ್ಲದೆ ಒಪ್ಪುವಂತಿಲ್ಲ.

ಭಾರತದ್ದೂ ಇದರಲ್ಲಿ ಒಂದು ಪಾಲಿದೆ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು ಮೌಂಟ್ ಅಬುವಿನ 1.2 ಮೀಟರ್ ದೂರದರ್ಶಕಕ್ಕೆ ಜೋಡಿಸಿದ 'ಪಾರಸ್' ಉಪಕರಣದಿಂದ 2021ರಲ್ಲಿ, ಮುಪ್ಪಿನ ಹೊಸ್ತಿಲಲ್ಲಿರುವ ನಕ್ಷತ್ರವೊಂದರ ಸುತ್ತ ಕೇವಲ 3.2 ದಿನಕ್ಕೊಮ್ಮೆ ಸುತ್ತುವ ಗ್ರಹವನ್ನು ಕಂಡರು. ಅಷ್ಟು ಹತ್ತಿರವಿರುವ ಗ್ರಹಕ್ಕೆ ಮುಂದೆ ಉಳಿಗಾಲವಿಲ್ಲ.

ನಿಜವಾಗಿಯೂ ಇಲ್ಲವೇ? ಅದಕ್ಕೆ ಉತ್ತರ ಬಂದದ್ದು ಜನಗಣತಿಯಂಥ ಎಣಿಕೆಯಿಂದ. 'ಟೆಸ್' ಉಪಗ್ರಹ ನೋಡಿದ ಸುಮಾರು ಐದು ಲಕ್ಷ ವಯಸ್ಸಾದ ನಕ್ಷತ್ರಗಳನ್ನು ಜಾಲಾಡಿದ 2025ರ ಅಧ್ಯಯನವೊಂದು, ಹತ್ತಿರದಲ್ಲಿ ಸುತ್ತುವ ದೊಡ್ಡ ಗ್ರಹಗಳು ಒಟ್ಟಾರೆ ಶೇಕಡಾ 0.28ರಷ್ಟು ನಕ್ಷತ್ರಗಳಿಗೆ ಇವೆಯೆಂದೂ, ಕೆಂಪುದೈತ್ಯದ ಹಂತ ತಲಪಿದವುಗಳಲ್ಲಿ ಅದು ಶೇಕಡಾ 0.11ಕ್ಕೆ ಇಳಿಯುತ್ತದೆಂದೂ ಹೇಳಿತು. ವಯಸ್ಸು ಏರಿದಂತೆ ಹತ್ತಿರದ ಮಕ್ಕಳು ಕಾಣೆಯಾಗುತ್ತಿದ್ದಾರೆ. ಕಿರಿಯ ಡಾರ್ವಿನ್ನನ ಜಗ್ಗಾಟ ಕೆಲಸ ಮಾಡುತ್ತಿದೆ ಎಂಬುದಕ್ಕೆ ಇದು ಬಲವಾದ ಸೂಚನೆ.

ನುಂಗಿದ್ದು, ಉಳಿದದ್ದು

ಒಂದು ಗ್ರಹ ನುಂಗಿಹೋಗುವುದನ್ನೇ ವಿಜ್ಞಾನಿಗಳು ನೋಡಿದ್ದಾರೆ. ಶ್ರವಣ ನಕ್ಷತ್ರವಿರುವ ಅಕ್ವಿಲಾ ಪುಂಜದ ದಿಕ್ಕಿನಲ್ಲಿ ಸುಮಾರು 12,000 ಜ್ಯೋತಿರ್ವರ್ಷ ದೂರದ ನಕ್ಷತ್ರವೊಂದು 2020ರಲ್ಲಿ ಹತ್ತು ದಿನಗಳೊಳಗೆ ನೂರು ಪಟ್ಟು ಬೆಳಗಿ ಮಂಕಾಯಿತು. ಕಿಶಲಯ್ ಡೇ ಮತ್ತು ಸಂಗಡಿಗರು 2023ರಲ್ಲಿ ಅದನ್ನು ಗ್ರಹ ನುಂಗಿದ ಘಟನೆಯೆಂದು ವಿವರಿಸಿದರು. ನಕ್ಷತ್ರ ಉಬ್ಬಿ ನುಂಗಿತೆಂದು ಮೊದಲು ತಿಳಿದರು. ಜೇಮ್ಸ್ ವೆಬ್ ದೂರದರ್ಶಕದ ವೀಕ್ಷಣೆಯಿಂದ 2025ರಲ್ಲಿ ಬೇರೆಯದೇ ಚಿತ್ರ ಬಂತು. ಆ ನಕ್ಷತ್ರ ಉಬ್ಬಿದ ದೈತ್ಯನಲ್ಲ; ಗ್ರಹವೇ ಸುತ್ತುತ್ತಾ ಸುತ್ತುತ್ತಾ ಇಳಿದು ಬಿದ್ದಿದೆ.

ಇನ್ನೊಂದು ಕಡೆ, ನುಂಗಿಹೋಗಬೇಕಾಗಿದ್ದ ಗ್ರಹ ಉಳಿದ ಉದಾಹರಣೆಯೂ ಇದೆ. ಧ್ರುವ ನಕ್ಷತ್ರವಿರುವ ಲಘು ಸಪ್ತರ್ಷಿ ಮಂಡಲದಲ್ಲಿ ಕೊರಿಯದ ವಿಜ್ಞಾನಿಗಳು 2015ರಲ್ಲಿ ಕಂಡ ಹಲ್ಲಾ ಎಂಬ ಗ್ರಹ ತನ್ನ ನಕ್ಷತ್ರ ಬೇಕ್ಡುವನ್ನು 93 ದಿನಕ್ಕೊಮ್ಮೆ ಸುತ್ತುತ್ತದೆ. ಎರಡೂ ಕೊರಿಯದ ಪರ್ವತಗಳ ಹೆಸರು. ನಕ್ಷತ್ರದ ಕಂಪನಗಳನ್ನು ಅಭ್ಯಾಸ ಮಾಡಿದಾಗ ಅದು ಉಬ್ಬಿನ ತುದಿಯನ್ನು ದಾಟಿ ಈಗ ಹೀಲಿಯಮ್ ಉರಿಸುತ್ತಿದೆಯೆಂದು 2023ರಲ್ಲಿ ಗೊತ್ತಾಯಿತು. ಹಾಗಿದ್ದರೆ ಅದು ಹಿಂದೆ ಗ್ರಹದ ಕಕ್ಷೆಯನ್ನು ಮೀರಿ ಉಬ್ಬಿರಬೇಕಿತ್ತು. ಗ್ರಹ ಉಳಿದದ್ದು ಹೇಗೆ? ಎರಡು ನಕ್ಷತ್ರಗಳು ಕೂಡಿ ಒಂದಾದ್ದರಿಂದ ಅದು ಪೂರ್ತಿ ಉಬ್ಬಲೇ ಇಲ್ಲವೋ, ಅಥವಾ ಆ ಕೂಡಿಕೆಯ ಅವಶೇಷದಿಂದ ಗ್ರಹ ಅನಂತರ ಹುಟ್ಟಿತೋ ಎಂಬ ಊಹೆಗಳನ್ನು ಮುಂದಿಟ್ಟಿದ್ದಾರೆ.

ಕೆಂಪುದೈತ್ಯ ಹೊರಮೈಯನ್ನೆಲ್ಲ ಕಳಚಿದ ಮೇಲೆ ಉಳಿಯುವುದು ಭೂಮಿಯಷ್ಟು ಗಾತ್ರದ, ಅತಿ ಸಾಂದ್ರವಾದ ಶ್ವೇತಕುಬ್ಜ. 1917ರಲ್ಲಿ ಮೌಂಟ್ ವಿಲ್ಸನ್‌ನಲ್ಲಿ ತೆಗೆದ, ವಾನ್ ಮಾನೆನ್ ಕಂಡುಹಿಡಿದ ಶ್ವೇತಕುಬ್ಜವೊಂದರ ರೋಹಿತದಲ್ಲಿ ಕ್ಯಾಲ್ಸಿಯಮ್ಮಿನ ಗೆರೆಗಳಿದ್ದವು. ಶ್ವೇತಕುಬ್ಜದಲ್ಲಿ ಭಾರದ ಧಾತುಗಳು ಬೇಗ ಒಳಕ್ಕೆ ಮುಳುಗಿಬಿಡುವುದರಿಂದ ಅವು ಹೊರಗಿನಿಂದ ಬಿದ್ದ ಕಲ್ಲುಮಣ್ಣೇ ಆಗಿರಬೇಕು. ಹಾಳಾದ ಗ್ರಹಮಂಡಲವೊಂದರ ಗುರುತು ಹೀಗೆ ಸುಮಾರು ನೂರು ವರ್ಷ ಗಾಜಿನ ಫಲಕದ ಮೇಲೆ ಕಾಯುತ್ತಿತ್ತು. 2015ರಲ್ಲಿ ಇನ್ನೊಂದು ಶ್ವೇತಕುಬ್ಜವನ್ನು ನಾಲ್ಕೂವರೆ ಗಂಟೆಗೊಮ್ಮೆ ಸುತ್ತುತ್ತಾ ಪುಡಿಯಾಗುತ್ತಿರುವ ಬಂಡೆಗಳೇ ಕಂಡವು. ಆದರೆ 2024ರಲ್ಲಿ ಪ್ರಕಟವಾದ ಸಂಶೋಧನೆ ಬೇರೆಯ ಸುದ್ದಿ ತಂದಿತು. ಸುಮಾರು 4,000 ಜ್ಯೋತಿರ್ವರ್ಷ ದೂರದ ಶ್ವೇತಕುಬ್ಜವೊಂದರ ಸುತ್ತ, ಸೂರ್ಯ-ಭೂಮಿಗಳ ಅಂತರದ ಎರಡು ಪಟ್ಟು ದೂರದಲ್ಲಿ, ಭೂಮಿಯ ಎರಡರಷ್ಟು ದ್ರವ್ಯರಾಶಿಯ ಗ್ರಹವಿದೆ. ಅದು ಮೊದಲು ಬಹುಶಃ ಭೂಮಿಯಷ್ಟೇ ದೂರದಲ್ಲಿದ್ದು, ನಕ್ಷತ್ರ ಹಗುರಾದಂತೆ ಸರಿದು ಉಳಿದುಕೊಂಡಿರಬೇಕು. ಭೂಮಿಯಂಥ ಗ್ರಹವೂ ಪಾರಾಗಬಹುದು ಎಂದಾಯಿತು.

ಪಾರಾದರೂ ಪಾರಾಗುವುದು ಬಂಡೆ ಮಾತ್ರ, ಬದುಕಲ್ಲ. ಸೂರ್ಯನ ಬೆಳಕು ಪ್ರತಿ 100 ಕೋಟಿ ವರ್ಷಕ್ಕೆ ಸುಮಾರು ಶೇಕಡಾ 10ರಂತೆ ಏರುತ್ತಿದೆ. ಅವನು ದೈತ್ಯನಾಗುವುದಕ್ಕೆ ಬಹಳ ಮೊದಲೇ, ಸರಿಸುಮಾರು ನೂರು ಕೋಟಿ ವರ್ಷಗಳಲ್ಲಿ, ಭೂಮಿಯ ಕಡಲುಗಳು ಆವಿಯಾಗತೊಡಗುತ್ತವೆ. ಹಾಗೆಂದು ಇಂದು ಏರುತ್ತಿರುವ ಭೂಮಿಯ ಉಷ್ಣತೆಯನ್ನು ಸೂರ್ಯನ ಮುಪ್ಪಿನ ಲೆಕ್ಕಕ್ಕೆ ಬರೆಯುವಂತಿಲ್ಲ. ಆ ವೇಗದಲ್ಲಿ ಸೂರ್ಯ ಶೇಕಡಾ ಒಂದರಷ್ಟು ಬೆಳಗಲು ಹತ್ತು ಕೋಟಿ ವರ್ಷ ಬೇಕು. ನಾವು ಕಲ್ಲಿದ್ದಲು, ಎಣ್ಣೆಯನ್ನು ಭಾರೀ ಪ್ರಮಾಣದಲ್ಲಿ ಉರಿಸಲು ಹಿಡಿದು ಇನ್ನೂ ಮುನ್ನೂರು ವರ್ಷ ಕಳೆದಿಲ್ಲ.

ಹಿರಿಯ ಡಾರ್ವಿನ್ ಕೊರಗಿದ್ದು ಮುಂದೆ ಕಾಲ ಸಾಲದೆಂದು. ಕಾಲ ಅವನು ನೆನೆದದ್ದಕ್ಕಿಂತ ಎಷ್ಟೋ ಹೆಚ್ಚು ಇದೆ. ಸೂರ್ಯ ನಮಗೆ ಕೊಟ್ಟಿರುವ ವಾಯಿದೆ ನೂರು ಕೋಟಿ ವರ್ಷ; ಅದರೊಳಗೆ ರೋಹಿಣಿ ಮಳೆ ಹೊತ್ತಿಗೆ ಬರುತ್ತದೋ ಇಲ್ಲವೋ ಎಂಬುದಕ್ಕೆ ಅವನನ್ನು ದೂರುವಂತಿಲ್ಲ.